ಸಿದರಾಯಣ್ಣನ ಹನ್ನೆರಡನೆಯ ಫೋಟೋ

ನಮ್ಮ ವಿಭಾಗದ ಬಾಗಿಲ ಮೇಲೆ ಉದ್ದನೆಯ ಫಲಕವಿದೆ: ಚಲನಚಿತ್ರ, ವಿಡಿಯೋ ಮತ್ತು ಛಾಯಾಗ್ರಹಣ ಅಧ್ಯಯನ ವಿಭಾಗ. ಅದರ ಕೆಳಗೆ ನಾಲ್ಕು ಜನರ ಹೆಸರು, ನಾಲ್ಕರ ಹಿಂದೆಯೂ ಡಾಕ್ಟರ್ ಎಂದಿದೆ. ಬೆಳಗಾವಿಯ ಮಳೆಗೆ ಲೆನ್ಸಿನೊಳಗೆ ಬೂಷ್ಟು ಹಿಡಿದರೆ ಏನು ಮಾಡಬೇಕೆಂದು ಆ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿದ್ದವನು ಸಿದರಾಯಣ್ಣ. ಜೂನ್ ಬಂತೆಂದರೆ ಕ್ಯಾಮೆರಾ ಕಪಾಟಿನೊಳಗೆ ನಲವತ್ತು ವ್ಯಾಟಿನ ಒಂದು ಬಲ್ಬು ಉರಿಸಿಟ್ಟು, ಬಾಗಿಲು ಮುಚ್ಚಿ, ನಾಲ್ಕು ತಿಂಗಳು ಅದನ್ನು ಬೆಚ್ಚಗೆ ಇಡುತ್ತಿದ್ದ. ಅವನ ಹೆಸರು ಯಾವ ಫಲಕದ ಮೇಲೂ ಇಲ್ಲ. ಅವನು ಅಟೆಂಡರ್.

ಅವನ ಕಥೆ ಹೇಳಲು ನನಗೆ ಯೋಗ್ಯತೆ ಇಲ್ಲ. ಆದರೆ ಹೇಳುವವರು ಬೇರೆ ಯಾರೂ ಇಲ್ಲ, ಮತ್ತು ನನಗೆ ಹೊಟ್ಟೆಯೊಳಗೆ ಇಟ್ಟುಕೊಂಡು ಇಟ್ಟುಕೊಂಡು ಸಾಕಾಗಿದೆ.

ನಾನು ನಾಗರತ್ನಾ. ಮನೆ ಮಹಾಂತೇಶ ನಗರದಲ್ಲಿ. ಅಪ್ಪನದು ರವಿವಾರ ಪೇಟೆಯಲ್ಲಿ ಬೆಲ್ಲದ ಅಂಗಡಿ. ಹದಿನೈದು ವರ್ಷಗಳ ಹಿಂದೆ ಈ ವಿಭಾಗಕ್ಕೆ ವಿದ್ಯಾರ್ಥಿನಿಯಾಗಿ ಬಂದಾಗ ಕ್ಯಾಮೆರಾ ಮುಟ್ಟಲಿಕ್ಕೆ ಹೆದರುತ್ತಿದ್ದೆ. ಮೇಷ್ಟರು ಹಲಗೆಯ ಮೇಲೆ ಚಿತ್ರ ಬರೆದು ಹೊರಟುಹೋಗುತ್ತಿದ್ದರು. ಆಮೇಲೆ ಕೈ ಹಿಡಿದು ಕಲಿಸಿದವನು ಸಿದರಾಯಣ್ಣ. “ಕೂಸಿನಂಗರಿ ಅಕ್ಕಾರ ಇದು. ಗಟ್ಟಿ ಹಿಡದ್ರೂ ಅಳತೈತಿ, ಸಡಲ ಹಿಡದ್ರೂ ಅಳತೈತಿ. ಉಸುರು ಬಿಗಿ ಹಿಡೀರಿ, ಈಗ ಒತ್ತರಿ” ಎನ್ನುತ್ತಿದ್ದ. ಆಗ ನನಗೆ ಇಪ್ಪತ್ತು, ಅವನಿಗೆ ಮೂವತ್ತರ ಹತ್ತಿರ. ಆದರೂ ನಾನು ಅವನಿಗೆ ಅಕ್ಕಾರು. ನಮ್ಮ ಕಡೆ ಮರ್ಯಾದೆ ಹಾಗೆ.

ಓದು ಮುಗಿಸಿ ನಾನು ಅಲ್ಲೇ ಅತಿಥಿ ಉಪನ್ಯಾಸಕಿಯಾದೆ. ಹನ್ನೆರಡು ವರ್ಷ. ಹನ್ನೆರಡು ವರ್ಷ ಅತಿಥಿಯಾಗಿ ಕೂತವರನ್ನು ಯಾವ ಮನೆಯಲ್ಲಾದರೂ ನೋಡಿದ್ದೀರಾ? ಪ್ರತಿ ಜೂನ್‌ನಲ್ಲೂ ಹೊಸದಾಗಿ ಅರ್ಜಿ, ಹೊಸದಾಗಿ ಕೈಕಟ್ಟಿ ನಿಲ್ಲುವುದು. ಮದುವೆಯ ಮಾತು ಬಂದಾಗಲೆಲ್ಲ “ನೌಕರಿ ಪರ್ಮನೆಂಟ್ ಏನ್ರಿ?” ಎಂದು ಕೇಳಿ ಎದ್ದು ಹೋದವರ ಲೆಕ್ಕ ನಮ್ಮವ್ವನಿಗೆ ಬಾಯಿಪಾಠ. ಇದನ್ನು ಸಬೂಬಿಗೆಂದು ಹೇಳುತ್ತಿಲ್ಲ. ಸಬೂಬಿಗೇ ಹೇಳುತ್ತಿದ್ದೇನೆ, ಬಿಡಿ.

ನಾಲ್ಕು ವರ್ಷಗಳ ಹಿಂದೆ ಒಂದು ಸುದ್ದಿ ಬಂತು. ಇನ್ನು ಮೂರು ವರ್ಷಕ್ಕೆ ವಿಭಾಗಕ್ಕೆ ಒಂದು ಕಾಯಂ ಹುದ್ದೆ ಮಂಜೂರಾಗಲಿದೆ, ತಾಂತ್ರಿಕ ಬೋಧಕನದು. ಕ್ಯಾಮೆರಾ, ಲೈಟು, ಎಡಿಟಿಂಗ್ ಕಲಿಸುವ ಕೆಲಸ. ಇದೇ ವಿಷಯದಲ್ಲಿ ಪದವಿ ಇರಬೇಕು. ವಿಶ್ವವಿದ್ಯಾಲಯದ ನೌಕರರಿಗೆ ಪ್ರಾಶಸ್ತ್ಯ, ಆದರೆ ವಯಸ್ಸು ನಲವತ್ತೈದು ದಾಟಿರಬಾರದು. ಕೆಲಸವನ್ನು ಸಿದರಾಯಣ್ಣ ಹದಿನಾರು ವರ್ಷದಿಂದ ಮಾಡುತ್ತಲೇ ಇದ್ದ. ಇಲ್ಲದ್ದು ಪದವಿ ಒಂದೇ. ಪಿಯುಸಿ ಪಾಸಾಗಿದ್ದ. ನಲವತ್ತೊಂದನೆಯ ವಯಸ್ಸಿನಲ್ಲಿ, ತಾನು ಕಸ ಹೊಡೆಯುವ ಕ್ಲಾಸಿಗೆ ತಾನೇ ವಿದ್ಯಾರ್ಥಿಯಾಗಿ ಹೆಸರು ಹಚ್ಚಿದ. ಮೂರು ವರ್ಷದ ಕೋರ್ಸು. ನೆಟ್ಟಗೆ ಪಾಸಾದರೆ ಹುದ್ದೆಗೆ ಅರ್ಜಿ ಹಾಕುವಾಗ ವಯಸ್ಸು ನಲವತ್ತನಾಲ್ಕು. ಒಂದು ವರ್ಷ ತಪ್ಪಿತೋ, ಮುಗಿಯಿತು.

ಎಲ್ಲರೂ ನಕ್ಕರು. ವಿಭಾಗದ ಮುಖ್ಯಸ್ಥರಾದ ಗೌರೀಶ ಸರ್ ಅಂತೂ “ಏನೋ ಸಿದರಾಯ, ಇನ್ನ ಚಾ ಯಾರ ತರಬೇಕೋ ನಮಗ?” ಎಂದು ಎಲ್ಲರೆದುರು ಕೇಳಿದರು. ಸಿದರಾಯಣ್ಣ ತಲೆ ಕೆರೆದುಕೊಂಡು, “ನಾನಽ ತರ್ತೀನ್ರಿ ಸರ. ತಂದ ಮ್ಯಾಲೆ ಕುಂದರ್ತೀನಿ” ಎಂದ. ಹಾಗೆಯೇ ಮಾಡಿದ. ಚಹಾ ಕೊಟ್ಟು, ಹಲಗೆ ಒರೆಸಿ, ಹಿಂದಿನ ಬೆಂಚಿಗೆ ಹೋಗಿ ಕೂಡುತ್ತಿದ್ದ. ಮಕ್ಕಳ ವಯಸ್ಸಿನ ಹುಡುಗರು “ಮಾಮಾ, ನೋಟ್ಸ್ ಕೊಡ್ರಿ” ಎಂದು ಕಾಡುತ್ತಿದ್ದರು. ಖಾನಾಪುರದಿಂದ ಬೆಳಗಿನ ಬಸ್ಸಿನಲ್ಲಿ ಬರುತ್ತ ನೋಟ್ಸ್ ಓದುತ್ತಿದ್ದ. ದೇಸೂರು ದಾಟುವುದರೊಳಗೆ ಒಂದು ಪ್ರಶ್ನೆ ಮುಗಿಯಬೇಕು ಎಂಬ ಲೆಕ್ಕ ಇಟ್ಟುಕೊಂಡಿದ್ದ.

ಮೊದಲ ವರ್ಷದ ಪರೀಕ್ಷೆಯಲ್ಲಿ “ಕ್ಯಾಮೆರಾದ ಭಾಗಗಳನ್ನು ವಿವರಿಸಿ” ಎಂಬ ಹತ್ತು ಅಂಕದ ಪ್ರಶ್ನೆಗೆ ಆರು ಸಾಲು ಬರೆದ. ನಾಲ್ಕು ಅಂಕ ಬಂತು. ಯಾಕಪ್ಪಾ ಎಂದು ಕೇಳಿದರೆ, “ಇಷ್ಟು ಎಲ್ಲಾರಿಗೂ ಗೊತ್ತಿರತೈತಲ್ರಿ ಅಕ್ಕಾರ, ಅದನ್ನ ಏನ ಉದ್ದ ಬರಿಯೋದು?” ಎಂದ. ಆ ಪೇಪರ್ ತಿದ್ದಿದವನಿಗೆ ಕ್ಯಾಮೆರಾದ ಬ್ಯಾಟರಿ ಹಾಕಲು ಬರುವುದಿಲ್ಲ. ಹಾಕಿಕೊಡುತ್ತಿದ್ದವನೂ ಸಿದರಾಯಣ್ಣನೇ.

ಅವನ ಊರು ಖಾನಾಪುರದಿಂದ ಇಟಗಿಯ ಹಾದಿಯಲ್ಲಿ. ಕುರಿ ಕಾಯುವ ಮನೆತನ. ಹದಿನೇಳನೆಯ ವಯಸ್ಸಿಗೆ ಅಪ್ಪ ತೀರಿಕೊಂಡ ಮೇಲೆ ಕುರಿಗಳನ್ನು ಕಾಕಾನ ಕೈಗೆ ಕೊಟ್ಟು, ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಗಜಾನನ ಎಂಬ ಮರಾಠಿ ಯಜಮಾನನ ಫೋಟೋ ಸ್ಟುಡಿಯೋ ಸೇರಿದ. ಎಂಟು ವರ್ಷ ಅಲ್ಲಿ ದುಡಿದ. ಫೋಟೋ ತೊಳೆಯುವುದು, ಕುಂಚದಿಂದ ತಿದ್ದುವುದು, ಕಟ್ಟು ಹಾಕುವುದು. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಬಂದ. ಮನೆಯಲ್ಲಿ ಹೆಂಡತಿ ಪ್ರಮಿಳಾ, ತಾಯಿ ಕಾಡವ್ವ. ಊರ ಮಂದಿಯದೆಲ್ಲ ಫೋಟೋ ತೆಗೆದ ಸಿದರಾಯಣ್ಣನ ಬಳಿ ತನ್ನ ತಾಯಿಯ ಒಂದು ಫೋಟೋ ಇರಲಿಲ್ಲ. ಕ್ಯಾಮೆರಾ ಕಂಡರೆ ಮುದುಕಿ ಸೆರಗು ಎಳೆದುಕೊಂಡು ಆಚೆ ತಿರುಗುತ್ತಿದ್ದಳು. “ನನ್ನ ಮಾರೀದೇನ ನೋಡ್ತಿ? ಕುರಿದು ತಗಿ ಹೋಗ” ಎಂದು ಬೈಯುತ್ತಿದ್ದಳಂತೆ.

ಕೊನೆಯ ವರ್ಷಕ್ಕೆ ಪ್ರಾಜೆಕ್ಟ್ ಇರುತ್ತದೆ. ‘ಒಂದು ಮನೆಯ ದಾಖಲೆ’ ಎಂಬ ವಿಷಯಕ್ಕೆ ಹನ್ನೆರಡು ಚಿತ್ರ ಕೊಡಬೇಕು. ನಾನು ಅವನ ಗೈಡು. ಪದವಿ ನನ್ನದು, ವಿದ್ಯೆ ಅವನದು, ಗೈಡು ನಾನು. ಅವನು ತನ್ನ ಮನೆಯನ್ನೇ ಆರಿಸಿಕೊಂಡ. ಕಾಡವ್ವನ ಕೈಗಳು ಉಣ್ಣೆ ನೂಲುವುದು, ಅವಳ ಬಿರುಕು ಬಿಟ್ಟ ಹಿಮ್ಮಡಿ, ಕುರಿಮರಿಗೆ ಹಾಲು ಕುಡಿಸುವಾಗ ಬಾಗಿದ ಬೆನ್ನು. ಮುಖ ಮಾತ್ರ ಒಂದರಲ್ಲೂ ಇಲ್ಲ. ಹನ್ನೊಂದು ಚಿತ್ರ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಮತ್ತು ಖರೇ ಹೇಳುತ್ತೇನೆ, ಹೊಟ್ಟೆಯಲ್ಲಿ ಬೆಂಕಿಯೂ ಬಿತ್ತು. ಯಾಕೆಂದರೆ ಆ ಒಂದು ಹುದ್ದೆಗೆ ನಾನೂ ಅರ್ಜಿ ಹಾಕುವವಳಿದ್ದೆ. ಇವನು ಪಾಸಾದರೆ ನೌಕರನೆಂಬ ಪ್ರಾಶಸ್ತ್ಯ ಇವನಿಗೆ, ಅತಿಥಿಯಾದ ನನ್ನ ಅರ್ಜಿಯನ್ನು ಯಾರೂ ತೆರೆದೂ ನೋಡುವುದಿಲ್ಲ.

ಸಿದರಾಯಣ್ಣನಿಗೆ ಇದು ಗೊತ್ತಿತ್ತು. ಒಮ್ಮೆ ತಾನಾಗಿಯೇ ಮಾತು ತೆಗೆದ. “ಅಕ್ಕಾರ, ನೀವೂ ಹಾಕ್ರಿ ಅರ್ಜಿ. ನಿಮಗ ಬಂದ್ರ ನನಗೇನ ಬ್ಯಾಸರಿಲ್ಲ. ನನಗ ಬಂದ್ರ ನೀವು ಬ್ಯಾಸರಾ ಮಾಡ್ಕೋಬ್ಯಾಡ್ರಿ, ಅಷ್ಟಽ.” “ಛೇ, ಏನ ಮಾತಾಡ್ತಿ ಸಿದರಾಯಣ್ಣ” ಎಂದು ನಕ್ಕುಬಿಟ್ಟೆ.

ಫೆಬ್ರುವರಿಯಲ್ಲಿ ಕಾಡವ್ವ ತೀರಿಕೊಂಡಳು. ಐದು ದಿನ ರಜೆ ಹಾಕಿದ, ತಲೆ ಬೋಳಿಸಿಕೊಂಡು ಬಂದ. ಮಾರ್ಚ್ ಕೊನೆಗೆ ಹನ್ನೆರಡನೆಯ ಚಿತ್ರ ತಂದು ನನ್ನ ಟೇಬಲ್ ಮೇಲೆ ಇಟ್ಟ. ಕಾಡವ್ವನ ಮುಖ. ಗೋಡೆಗೆ ಆನಿಸಿ ಕುಳಿತಿದ್ದಾಳೆ, ಹಣೆಯ ತುಂಬ ಭಂಡಾರದ ಅರಿಶಿನ, ಹೆಗಲ ಮೇಲೆ ಕಂಬಳಿ. ನೇರ ನಮ್ಮನ್ನೇ ನೋಡುತ್ತಿದ್ದಾಳೆ. ಎಷ್ಟು ಹೊತ್ತು ನೋಡಿದರೂ ಆ ನೋಟ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಸಾಯುವ ಮುಂಚೆ ಯಾವಾಗಲೋ ಒಪ್ಪಿರಬೇಕು ಎಂದುಕೊಂಡೆ, ಕೇಳಲಿಲ್ಲ. ತಾಯಿ ಹೋದವನಿಗೆ ಏನು ಕೇಳುವುದು? ‘ಚಿತ್ರಗಳಲ್ಲಿ ಏನನ್ನೂ ಸೇರಿಸಿಲ್ಲ, ಏನನ್ನೂ ಬದಲಿಸಿಲ್ಲ’ ಎಂಬ ಘೋಷಣಾ ಪತ್ರವನ್ನು ಎಲ್ಲರೂ ಕೊಡಬೇಕು. ಅವನೂ ಓದಿ ಸಹಿ ಮಾಡಿಕೊಟ್ಟ.

ಮೇ ತಿಂಗಳಲ್ಲಿ ಮೌಖಿಕ ಪರೀಕ್ಷೆ. ಹೊರಗಿನ ಪರೀಕ್ಷಕರು ವಿಮಾನದಲ್ಲಿ ಬರುವವರು. ಅವರನ್ನು ಸಾಂಬ್ರಾ ವಿಮಾನ ನಿಲ್ದಾಣದಿಂದ ಕರೆತರಲು ಯಾರನ್ನು ಕಳಿಸಿದರು ಹೇಳಿ ನೋಡೋಣ? ಸಿದರಾಯಣ್ಣನನ್ನೇ! ತನ್ನ ಪರೀಕ್ಷೆ ತೆಗೆದುಕೊಳ್ಳುವವರ ಚೀಲವನ್ನು ತಾನೇ ಹೊತ್ತು, ಕಾರಿನ ಬಾಗಿಲು ತೆಗೆದು, ನಾಷ್ಟಾ ಮಾಡಿಸಿ ಕರೆದುಕೊಂಡು ಬಂದ. ಹನ್ನೊಂದಕ್ಕೆ ಚಹಾ ಕೊಟ್ಟ. ಹನ್ನೆರಡಕ್ಕೆ ಖಾಕಿ ಅಂಗಿ ಕಳಚಿ, ಪ್ರಮಿಳಾ ಇಸ್ತ್ರಿ ಮಾಡಿಕೊಟ್ಟಿದ್ದ ಬಿಳಿ ಅಂಗಿ ತೊಟ್ಟು, ಒಳಗೆ ಬಂದು ಕೈಮುಗಿದು ನಿಂತ. ಪರೀಕ್ಷಕರಿಗೆ ಗುರುತೇ ಹತ್ತಲಿಲ್ಲ. “ಇನ್ನೊಂದು ಚಹಾ ಬೇಡಪ್ಪ” ಎಂದರು. ಗೌರೀಶ ಸರ್ ನಕ್ಕು, “ಇವನಽ ನಮ್ಮ ಕೊನೇ ಕ್ಯಾಂಡಿಡೇಟ್ ಸರ್” ಎಂದರು.

ಆದರೆ ಚಿತ್ರಗಳು ಟೇಬಲ್ ಮೇಲೆ ಬಿದ್ದ ಕೂಡಲೇ ಪರೀಕ್ಷಕರ ಮುಖ ಬದಲಾಯಿತು. ಕನ್ನಡಕ ತೆಗೆದು ಒರೆಸಿಕೊಂಡರು. ಒಂದೊಂದನ್ನೇ ಬಿಡಿಸಿ ನೋಡಿ, ಹನ್ನೆರಡನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಇವರು ಯಾರು?”

“ನಮ್ಮ ಅವ್ವರಿ ಸರ.”

“ಬಹಳ ವರ್ಷಗಳಿಂದ ಇಂಥ ಚಿತ್ರ ನಾನು ನೋಡಿಲ್ಲ. ಹನ್ನೊಂದರಲ್ಲಿ ಮುಖ ಮರೆಸಿಕೊಂಡವರು ಇಲ್ಲಿ ಹೀಗೆ ನೇರವಾಗಿ ನೋಡ್ತಾರಲ್ಲ! ಅವರನ್ನು ಹೇಗೆ ಒಪ್ಪಿಸಿದಿರಿ?”

“ಒಪ್ಸಲಿಲ್ರಿ ಸರ. ಜೀವ ಹೋಗಿತ್ರಿ.”

“ಏನಂದ್ರಿ?”

“ತೀರಿಕೊಂಡ ಮ್ಯಾಲೆ ತಗದದ್ರಿ. ಗ್ವಾಡಿಗೆ ಆನಿಸಿ ಕುಂದರಿಸಿದ್ವಿ, ಅವಾಗ ತಗದ್ನಿ. ಕಣ್ಣು ಮುಚ್ಚಿದ್ವು. ಆಮ್ಯಾಲೆ ನಾನು ತೆರದೇನ್ರಿ.” ಅವನ ದನಿಯಲ್ಲಿ ಅಂಜಿಕೆ ಇರಲಿಲ್ಲ. ಕೇಳಿದ್ದಕ್ಕೆ ಖುಷಿಯಿಂದ ಹೇಳುತ್ತಿದ್ದ. “ನಮ್ಮ ಕಡೆ ಕಣ್ಣು ಮುಚ್ಚಿದ ಫೋಟೋ ಗ್ವಾಡಿಗೆ ಹಾಕೂದಿಲ್ರಿ ಸರ. ಮುದುಕರು ಬದುಕಿದ್ದಾಗ ಯಾರೂ ಫೋಟೋ ತಗಸೂದಿಲ್ಲ, ಸತ್ತ ಮ್ಯಾಲೆ ತಗಸ್ತಾರ. ಗಜಾನನ ಶೇಠರ ಸ್ಟುಡಿಯೋದಾಗ ಅದಽ ನನ್ನ ಕೆಲಸ ಇತ್ರಿ. ಸತ್ತವರ ಕಣ್ಣು ಯಾರಿಗೆ ಬಂದಾವ ಅಂತ ಮನಿಯವರಿಗೆ ಕೇಳೂದು, ಅವರನ್ನ ಕುಂದರಿಸಿ ಅವರ ಕಣ್ಣಿನ ಫೋಟೋ ತಗಿಯೂದು, ಅವನ್ನ ತಂದು ಇಲ್ಲೆ ಕೂಡ್ರಸೂದು. ಆಗ ಕುಂಚದಲೆ ಮಾಡ್ತಿದ್ದೆ, ಇದನ್ನ ಕಂಪ್ಯೂಟರದಾಗ ಮಾಡೇನಿ. ನಮ್ಮ ಅವ್ವನ ಕಣ್ಣು ನನಗಽ ಬಂದಾವ್ರಿ. ನನ್ನ ಕಣ್ಣಿಗೆ ಮೂವತ್ತು ವರ್ಷ ವಯಸ್ಸು ಕೂಡ್ಸಾಕ ನಾಕ ದಿನಾ ಹತ್ತಿತು ನೋಡ್ರಿ ಸರ.”

ಪರೀಕ್ಷಕರು ಚಿತ್ರವನ್ನು ಬೋರಲು ಹಾಕಿದರು.

“ನೀವು ಘೋಷಣಾ ಪತ್ರಕ್ಕೆ ಸಹಿ ಮಾಡಿದ್ದೀರಿ. ಏನನ್ನೂ ಬದಲಿಸಿಲ್ಲ ಅಂತ.”

“ಬದಲಿ ಮಾಡಿಲ್ರಿ ಸರ. ಬಣ್ಣ ಬದಲ ಮಾಡಿಲ್ಲ, ಜಾಗಾ ಬದಲ ಮಾಡಿಲ್ಲ. ಕಣ್ಣು ತೆರಿಯೂದು ಬದಲಿ ಅಲ್ರಿ, ಅದು ಫೋಟೋ ಪೂರಾ ಮಾಡೂದು. ಹಂಗಽ ಬಿಟ್ಟ್ರ ಅದು ಫೋಟೋನಽ ಅಲ್ರಿ.”

ಎಷ್ಟು ಮುಗ್ಧ ಮೂರ್ಖತನ! ಸುಮ್ಮನೆ “ಹೂನ್ರಿ ಸರ, ಒಪ್ಪಿಸಿದ್ನಿ” ಎಂದಿದ್ದರೆ ಯಾರಪ್ಪನಿಗೆ ಗೊತ್ತಾಗುತ್ತಿತ್ತು? ಅವನಿಗೆ ಸುಳ್ಳು ಹೊಳೆಯಲೂ ಇಲ್ಲ, ಏಕೆಂದರೆ ತಪ್ಪು ಮಾಡಿದ್ದೇನೆ ಎಂಬುದೇ ಹೊಳೆದಿರಲಿಲ್ಲ. ದಾಖಲೆ ಚಿತ್ರದಲ್ಲಿ ಕೈಯಾಡಿಸಬಾರದು ಎಂಬ ನನ್ನ ಪಾಠವನ್ನು ಅಕ್ಷರ ಬಿಡದೆ ಬರೆದುಕೊಂಡವನು ಅವನು. ಸತ್ತವರ ಕಣ್ಣು ತೆರೆಯುವುದು ಕೈಯಾಡಿಸುವುದು ಎಂದು ಖಾನಾಪುರದ ಕಡೆಯ ಸ್ಟುಡಿಯೋದವರು ಯಾರೂ ತಿಳಿಯುವುದಿಲ್ಲ. ಒಂದು ಮಾತು ಕೇಳಿದ್ದರೆ ನಾನು ಅಂದೇ ಹೇಳುತ್ತಿದ್ದೆ. ನಾನೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

“ಇದು ಸುಳ್ಳು ಘೋಷಣೆ ಆಗುತ್ತೆ. ಇಡೀ ಪ್ರಾಜೆಕ್ಟ್ ತಳ್ಳಿಹಾಕಬೇಕಾಗುತ್ತೆ” ಎಂದರು ಪರೀಕ್ಷಕರು. ಅವರಿಗೂ ಸಂಕಟವಾಗುತ್ತಿತ್ತು, ಅದು ಕಾಣುತ್ತಿತ್ತು. “ನಿಮ್ಮ ನಿಯಮದಲ್ಲಿ ಬೇರೆ ದಾರಿ ಏನಾದ್ರೂ ಇದೆಯಾ?”

ಗೌರೀಶ ಸರ್‌ಗೆ ನಿಯಮದ ಪುಸ್ತಕ ಯಾವ ಬಣ್ಣದ್ದು ಎಂಬುದೂ ತಿಳಿಯದು. ನನ್ನ ಕಡೆ ತಿರುಗಿದರು. “ಏನ್ರಿ ಮೇಡಂ? ನೀವಽ ಗೈಡು, ನೀವಽ ಹೇಳ್ರಿ.”

ದಾರಿ ಇತ್ತು. ಹನ್ನೆರಡು ಚಿತ್ರ ಕೊಟ್ಟರೂ ಹತ್ತು ಇದ್ದರೆ ಸಾಕು. ಪರೀಕ್ಷೆ ಮುಗಿಯುವುದರೊಳಗೆ ಗೈಡು ಆದವರು ಎರಡು ಚಿತ್ರಗಳನ್ನು ಹಿಂದಕ್ಕೆ ತೆಗೆಯಬಹುದು, ತೆಗೆದ ಚಿತ್ರಕ್ಕೆ ಘೋಷಣೆಯೂ ತಾಗುವುದಿಲ್ಲ. ಪುಸ್ತಕದ ಹದಿನಾಲ್ಕನೆಯ ಪುಟದಲ್ಲಿದೆ. ಪಠ್ಯಕ್ರಮ ಸಮಿತಿಗೆಂದು ಆ ಪುಟವನ್ನು ಟೈಪು ಮಾಡಿಕೊಟ್ಟವಳೇ ನಾನು. “ಹನ್ನೆರಡನೆಯದನ್ನು ಹಿಂದಕ್ಕೆ ತಗೋತೀನಿ ಸರ್” ಎಂದು ನಾನು ಅಂದಿದ್ದರೆ ಸಾಕಿತ್ತು. ನಾಲ್ಕು ಶಬ್ದ.

ಸಿದರಾಯಣ್ಣ ನನ್ನನ್ನೇ ನೋಡುತ್ತಿದ್ದ. ಏನೋ ಕೆಟ್ಟಿದೆ ಎಂದು ಅವನಿಗೆ ಆಗ ತಿಳಿದಿತ್ತು. ಅಕ್ಕಾರು ಇದ್ದಾರಲ್ಲ ಎಂಬ ಧೈರ್ಯವೂ ಮುಖದ ಮೇಲಿತ್ತು.

“ಘೋಷಣೆಗೆ ಸಹಿ ಮಾಡ್ಯಾರ ಸರ್. ನಿಯಮ ಸ್ಪಷ್ಟ ಐತಿ” ಎಂದೆ ನಾನು.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ದಿನ ಮನೆಗೆ ಹೋಗುವವರೆಗೂ ಅದನ್ನೇ ನನಗೆ ನಾನು ಹೇಳಿಕೊಂಡೆ. ಹೇಗೂ ಅವನು ತಾಯಿಯ ಚಿತ್ರವನ್ನು ಹಿಂದಕ್ಕೆ ತೆಗೆಯಲು ಒಪ್ಪುತ್ತಿರಲಿಲ್ಲ ಎಂದೂ ಹೇಳಿಕೊಂಡೆ. ಈ ಎರಡನೆಯ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಎಷ್ಟೋ ದಿನ ಅದನ್ನು ತಲೆದಿಂಬಿನಂತೆ ಇಟ್ಟುಕೊಂಡು ಮಲಗಿದೆ.

ಅವನು ಫೇಲಾದ. ಸಂಜೆ ಪರೀಕ್ಷಕರನ್ನು ಮತ್ತೆ ಸಾಂಬ್ರಾಕ್ಕೆ ಬಿಟ್ಟು ಬಂದವನೂ ಅವನೇ. ಜುಲೈನಲ್ಲಿ ಹುದ್ದೆಯ ಜಾಹೀರಾತು ಬಂತು. ಸಂದರ್ಶನದಲ್ಲಿ ಮಳೆಗಾಲದಲ್ಲಿ ಲೆನ್ಸು ಕಾಯುವುದು ಹೇಗೆಂದು ಕೇಳಿದರು. ಬಲ್ಬಿನ ವಿಷಯ ಹೇಳಿದೆ. ಮೆಚ್ಚಿಕೊಂಡರು. ಆಗಸ್ಟ್‌ನಲ್ಲಿ ನೇಮಕದ ಪತ್ರ ಬಂತು. ನಮ್ಮವ್ವ ಓಣಿಗೆಲ್ಲ ಪೇಢೆ ಹಂಚಿದಳು. ವಿಭಾಗದಲ್ಲಿ ಎಲ್ಲರಿಗಿಂತ ಮೊದಲು ಹಾರ ತಂದು ಹಾಕಿದವನು ಸಿದರಾಯಣ್ಣ. ಅವನ ಮುಖದ ಮೇಲೆ ಬೇಸರ ಹುಡುಕಿದೆ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಇರಲಿಲ್ಲ. ಸೊರಗಿದ್ದ, ಅಷ್ಟೇ. ಬಸ್ಸಿನಲ್ಲಿ ಈಗ ಏನೂ ಓದುವುದಿಲ್ಲವಂತೆ, ನಿದ್ದೆ ಹೊಡೆಯುತ್ತಾನಂತೆ.

ಸೆಪ್ಟೆಂಬರ್‌ನಲ್ಲಿ ಒಂದು ಮಧ್ಯಾಹ್ನ ನನ್ನ ಹೊಸ ಕೋಣೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಮರುಪರೀಕ್ಷೆಯ ಅರ್ಜಿ, ಬಗಲಲ್ಲಿ ನಿಯಮದ ಪುಸ್ತಕ. ಬರುವ ಮಾರ್ಚಿಗೆ ಅವನಿಗೆ ನಲವತ್ತೈದು ತುಂಬುತ್ತದೆ, ಹುದ್ದೆಯೂ ಹೋಗಿದೆ. “ಈಗ್ಯಾಕ ಸಿದರಾಯಣ್ಣ?” ಎಂದೆ.

“ಅರ್ಧಾ ಬಿಟ್ರ ಹೆಂಗ್ರಿ ಅಕ್ಕಾರ? ಮುಗಿಸಿಬಿಡ್ತೀನಿ” ಎಂದ. ಆಮೇಲೆ ಪುಸ್ತಕ ತೆರೆದು ನನ್ನ ಮುಂದೆ ಇಟ್ಟ. ಹದಿನಾಲ್ಕನೆಯ ಪುಟ. “ಫಾರ್ಮ್ ತುಂಬಾಕ ಅಂತ ಇದನ್ನ ಓದಾಕ ಹತ್ತಿದ್ನಿ. ಇಲ್ಲೆ ನೋಡ್ರಿ, ಹತ್ತು ಇದ್ರ ಸಾಕಾಗಿತ್ತಂತ. ಗೈಡ್ ಎರಡು ಹಿಂದಕ ತಗೀಬಹುದಂತ. ಇದು ಗೊತ್ತಿತ್ತೇನ್ರಿ ನಿಮಗ?”

ಉತ್ತರದ ಬದಲು ನನ್ನ ಬಾಯಿಂದ ಬೇರೆಯೇ ಮಾತು ಬಂತು. “ತಗೀಲಿಕ್ಕೆ ಬಿಡ್ತಿದ್ದೇನು ನೀನು, ಅವ್ವನ ಫೋಟೋ?”

“ಯಾಕ ಬಿಡ್ತಿದ್ದಿಲ್ರಿ? ಅವ್ವನ ಫೋಟೋ ಮನ್ಯಾಗ ಗ್ವಾಡಿಗೆ ಐತಲ್ರಿ. ಇಲ್ಲಿದು ಪರೀಕ್ಷಾದ್ದು. ಪಾಸಾದ್ರ ಸಾಕಾಗಿತ್ತು ನನಗ.” ಪುಟದ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದ. “ಗೊತ್ತಿರಲಿಲ್ಲೇನ್ರಿ?”

“ಇಲ್ಲ ಸಿದರಾಯಣ್ಣ. ಗೊತ್ತಿರಲಿಲ್ಲ.”

ಅವನ ಮುಖ ಬಿಚ್ಚಿಕೊಂಡಿತು. “ನಾ ಅದನ್ನಽ ಹೇಳಿದ್ನಿ ಮನ್ಯಾಗ! ಪ್ರಮಿಳಾ ಅಂತಾಳ, ಅಕ್ಕಾರಿಗೆ ಗೊತ್ತಿದ್ದಽ ಇರತೈತಿ ಅಂತ. ಬಾಯಿಗೆ ಬಂದಂಗ ಬೈದ್ನಿ ನೋಡ್ರಿ ಆಕಿಗೆ. ಎರಡ ದಿನಾ ಆತು, ಮಾತು ಬಿಟ್ಟೇನಿ. ಗೊತ್ತಿದ್ರ ನಮ್ಮ ಅಕ್ಕಾರು ಹೇಳ್ದಽ ಬಿಡ್ತಿದ್ರೇನು ಅಂದ್ನಿ.”

ಅರ್ಜಿಯನ್ನು ನನ್ನ ಮುಂದೆ ಸರಿಸಿದ. ‘ಈ ವಿದ್ಯಾರ್ಥಿ ಕ್ಯಾಮೆರಾ ಕೆಲಸವನ್ನು ನನ್ನ ಕೈಕೆಳಗೆ ಕಲಿತಿದ್ದಾನೆ’ ಎಂಬ ಸಾಲಿನ ಕೆಳಗೆ ಬೋಧಕರ ಸಹಿ ಬೇಕಿತ್ತು. ಎಲ್ಲಿ ಮಾಡಬೇಕೆಂದು ಅವನೇ ಬೆರಳಿಟ್ಟು ತೋರಿಸಿದ. ಮಾಡಿದೆ.